ಪಾಯಿಂಟ್ ಟೂ ಟೂ: ಗುರಿಪಿಸ್ತೂಲಿನ ಮೊದಲ ಪಾಠಗಳು

ಗುರಿಯಾಟಕ್ಕೆಂದೇ ರೂಪುಗೊಂಡ ಸಣ್ಣ ಕ್ಯಾಲಿಬರಿನ ಪಿಸ್ತೂಲು, ಪೊಲೀಸರ ಅಥವಾ ಸೈನಿಕರ ಸೊಂಟದಲ್ಲಿ ಕಾಣುವ ಪಿಸ್ತೂಲಿಗಿಂತ ಉದ್ದೇಶದಲ್ಲಿಯೂ ರಚನೆಯಲ್ಲಿಯೂ ಬೇರೆಯಾದದ್ದು. ಕ್ಯಾಲಿಬರ್ ಎಂದರೆ ನಳಿಕೆಯ ಒಳವ್ಯಾಸದ ಅಳತೆ. ಜಗತ್ತಿನಾದ್ಯಂತ ಗುರಿಯಾಟದ ಪಿಸ್ತೂಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು .22 ಇಂಚಿನ, ಅಂದರೆ ಸುಮಾರು 5.6 ಮಿಲಿಮೀಟರಿನ ಅಳತೆಯಾಗಿದ್ದು, ಶೂಟಿಂಗ್ ರೇಂಜುಗಳಲ್ಲಿ ಅದನ್ನು ‘ಪಾಯಿಂಟ್ ಟೂ ಟೂ’ ಎಂದೇ ಕರೆಯುತ್ತಾರೆ. ಹೊಸಬರಿಗೆ ಇದನ್ನು ಸೂಚಿಸುವುದಕ್ಕೆ ಅಗ್ಗದ ಗುಂಡು, ಕಡಿಮೆ ಸದ್ದು ಎಂಬ ಕಾರಣಗಳನ್ನು ಸಾಮಾನ್ಯವಾಗಿ ಹೇಳುವುದುಂಟು. ಅವು ನಿಜವೇ ಆದರೂ ಮುಖ್ಯ ಕಾರಣ ಬೇರೆ: ದೊಡ್ಡ ಪಿಸ್ತೂಲಿನ ಅಬ್ಬರದಲ್ಲಿ ಮುಚ್ಚಿಹೋಗುವ ಶೂಟರ್‌ನ ತಪ್ಪುಗಳನ್ನು ಈ ಸಣ್ಣ ಪಿಸ್ತೂಲು ಒಂದೊಂದಾಗಿ ಬಯಲಿಗೆ ತರುತ್ತದೆ. ಗುರಿ ತಪ್ಪಿದಾಗ ದೂರಲು ಆಯುಧದ ಕಡೆ ಏನೂ ಉಳಿಯದಿರುವುದೇ ಇದರ ದೊಡ್ಡ ಗುಣ.

ಈ ಗುಣದ ಮೂಲವಿರುವುದು ತೋಟಾದಲ್ಲಿ. ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ತುದಿಯಲ್ಲಿ ಕೂರಿಸಿದ ಸೀಸದ ಗುಂಡು ಇವೆಲ್ಲ ಸೇರಿದ್ದು ತೋಟಾ. ಮದ್ದಿಗೆ ಕಿಡಿ ಕೊಡುವ ಸ್ಫೋಟಕವು ದೊಡ್ಡ ತೋಟಾಗಳಲ್ಲಿ ಬುಡದ ನಟ್ಟನಡುವಿನ ಪ್ರತ್ಯೇಕ ಬಿಲ್ಲೆಯೊಂದರಲ್ಲಿ ಇರುತ್ತದೆ. .22 ತೋಟಾದಲ್ಲಾದರೋ ಆ ಸ್ಫೋಟಕವನ್ನು ಬುಡದ ಅಂಚಿನ ಒಳಸುತ್ತಿನಲ್ಲಿ ಹರಡಿರುತ್ತಾರೆ, ಪಿಸ್ತೂಲಿನ ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ; ಆದುದರಿಂದ ಈ ಬಗೆಗೆ ‘ರಿಮ್‌ಫೈರ್’ ಎಂಬ ಹೆಸರು. ಒಮ್ಮೆ ಅಂಚು ಜಜ್ಜಿದ ಕೋಶವನ್ನು ಮತ್ತೆ ತುಂಬಿ ಬಳಸುವುದು ಆಗದ ಮಾತು. 1845ರ ಹೊತ್ತಿಗೆ ಫ್ರಾನ್ಸಿನ ಫ್ಲೋಬೆರ್ ಮನೆಯೊಳಗಿನ ಗುರಿಯಾಟಕ್ಕೆಂದು ಮಾಡಿದ ಪುಟ್ಟ ತೋಟಾದಿಂದ ಈ ವಂಶ ಆರಂಭವಾಯಿತು. ಅಮೆರಿಕದ ಸ್ಮಿತ್ ಅಂಡ್ ವೆಸನ್ 1857ರಲ್ಲಿ ‘.22 ಶಾರ್ಟ್’ ತೋಟಾವನ್ನು ತಂದಿತು, ಸ್ಟೀವನ್ಸ್ ಕಂಪನಿ 1887ರಲ್ಲಿ ‘.22 ಲಾಂಗ್ ರೈಫಲ್’ ಎಂಬ ರೂಪವನ್ನು ಸಿದ್ಧಪಡಿಸಿತು. ಹೆಸರಿನಲ್ಲಿ ರೈಫಲ್ ಎಂದಿದ್ದರೂ ಇಂದಿನ ಗುರಿಪಿಸ್ತೂಲುಗಳು ಬಳಸುವುದು ಈ ತೋಟಾವನ್ನೇ. ಇದರ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ, ಪಿಸ್ತೂಲಿನ ನಳಿಕೆಯಿಂದ ಸೆಕೆಂಡಿಗೆ ಹೆಚ್ಚುಕಡಿಮೆ 300 ಮೀಟರ್ ವೇಗದಲ್ಲಿ ಹೊರಡುತ್ತದೆ. ಈ ಲೆಕ್ಕದಲ್ಲಿ ಅದರ ಶಕ್ತಿ 120 ಜೂಲ್‌ಗಳ ಆಸುಪಾಸಿನದು. ಪೊಲೀಸರು ಬಳಸುವ 9 ಮಿಲಿಮೀಟರ್ ಗುಂಡಿನ ಶಕ್ತಿಯ ಸುಮಾರು ಕಾಲುಭಾಗ. ಗುಂಡು ಮುಂದಕ್ಕೆ ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುವ ಹಿನ್ನೂಕು ಇಲ್ಲಿ ಅಷ್ಟಕ್ಕಷ್ಟೇ, ಒಂದು ಕಿಲೋಗ್ರಾಂ ದಾಟಿದ ಪಿಸ್ತೂಲಿನ ತೂಕವೇ ಅದರ ಬಹುಪಾಲನ್ನು ನುಂಗಿಬಿಡುತ್ತದೆ. ಹಾಗೆಂದು ಇದನ್ನು ಆಟಿಕೆಯೆಂದು ಭಾವಿಸುವುದು ಅಪಾಯಕರ, ಏಕೆಂದರೆ ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲ ಈ ಗುಂಡು ಪ್ರಾಣ ತೆಗೆಯಲು ಸಾಕು.

ಈ ತೋಟಾದ ಸುತ್ತ ಎರಡು ಪರಂಪರೆಗಳು ಬೆಳೆದವು. ಅಮೆರಿಕದಲ್ಲಿ ಅದು ಮನೆಮಂದಿಯ ವಿರಾಮದ ಕ್ರೀಡೆಯಾಗಿ ಹರಡಿತು: 1915ರಲ್ಲಿ ಬಂದ ಕೋಲ್ಟ್ ವುಡ್ಸ್‌ಮನ್ ದಶಕಗಳ ಕಾಲ ಮೆಚ್ಚಿನ ಮಾದರಿಯಾಗಿತ್ತು, 1949ರಲ್ಲಿ ಬಿಲ್ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಹೊರತಂದ ರೂಗರ್ ಸ್ಟ್ಯಾಂಡರ್ಡ್ 37.50 ಡಾಲರಿಗೆ ಸಿಗುತ್ತಿದ್ದುದರಿಂದ ಸಾಮಾನ್ಯ ಸಂಬಳದವರ ಕೈಗೂ ಎಟುಕಿತು. ಅದರ ವಂಶದ ಪಿಸ್ತೂಲುಗಳು ಇಂದಿಗೂ ಅಲ್ಲಿನ ಹೊಸಬರ ಮೊದಲ ಆಯ್ಕೆಗಳಲ್ಲಿ ಸೇರಿವೆ. ಯುರೋಪಿನ ದಾರಿ ಒಲಿಂಪಿಕ್ಸ್ ಕಡೆಗಿತ್ತು. ಜರ್ಮನಿಯ ವಾಲ್ಟರ್, ಸ್ವಿಟ್ಜರ್ಲೆಂಡಿನ ಹೆಮ್ಮರ್ಲಿ, ಇಟಲಿಯ ಪಾರ್ದೀನಿ ಮುಂತಾದ ತಯಾರಕರು ಸ್ಪರ್ಧೆಯ ನಿಯಮಪುಸ್ತಕವನ್ನು ಎದುರಿಗಿಟ್ಟುಕೊಂಡೇ ಪಿಸ್ತೂಲನ್ನು ರೂಪಿಸಿದರು. ಸೋವಿಯತ್ ದೇಶದಲ್ಲಿ ಎಂಸಿಎಂ ಎಂಬ ಹೆಸರುವಾಸಿ .22 ಪಿಸ್ತೂಲನ್ನು ರೂಪಿಸಿದ ಮಿಖಾಯಿಲ್ ಮಾರ್ಗೋಲಿನ್ ಕಣ್ಣು ಕಾಣದವರು. ಬೆರಳಿನ ಸ್ಪರ್ಶದಿಂದಲೇ ಭಾಗಗಳನ್ನು ಅರಿತು ಕೆಲಸ ಮಾಡಿದ ಅವರ ಪಿಸ್ತೂಲು ಕೈಗೆ ಒಗ್ಗುವ ಗುಣಕ್ಕೆ ಹೆಸರಾದದ್ದು ಸಹಜವೇ.

ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ನಿಯಮಗಳನ್ನು ನೋಡಿದರೆ ಗುರಿಪಿಸ್ತೂಲು ಎಂದರೇನೆಂಬುದು ಸ್ಪಷ್ಟವಾಗುತ್ತದೆ. ಪಿಸ್ತೂಲು 1,400 ಗ್ರಾಂ ಮೀರುವಂತಿಲ್ಲ, ಟ್ರಿಗರ್ ಕನಿಷ್ಠ 1,000 ಗ್ರಾಂ ಒತ್ತಡ ಬೀಳದೆ ಬಿಡುಗಡೆಯಾಗುವಂತಿಲ್ಲ, ದೂರದರ್ಶಕಕ್ಕಾಗಲಿ ಲೇಸರ್ ಬೆಳಕಿಗಾಗಲಿ ಅವಕಾಶವಿಲ್ಲ, ಹಿಡಿಯುವುದು ಒಂದೇ ಕೈಯಲ್ಲಿ. 60 ಗುಂಡುಗಳ ಸ್ಪರ್ಧೆಯ ಮೊದಲರ್ಧದಲ್ಲಿ ಐದೈದು ಗುಂಡುಗಳಿಗೆ ಐದೈದು ನಿಮಿಷ ಸಿಗುತ್ತದೆ. ಎರಡನೆಯ ಅರ್ಧದಲ್ಲಿ ಶೂಟರ್ ಇಳಿಸಿ ಹಿಡಿದ ತೋಳನ್ನು ಎತ್ತಿ ಮೂರು ಸೆಕೆಂಡಿನೊಳಗೆ ಒಂದು ಗುಂಡು ಹೊಡೆದು, ಏಳು ಸೆಕೆಂಡು ಕಾದು, ಮತ್ತೆ ಎತ್ತಬೇಕು.

ಹೊಸಬರು ನಿಜವಾಗಿ ಕಲಿಯಬೇಕಾದದ್ದು ಗುರಿ ಹಿಡಿಯುವ ಬಗೆಯನ್ನು, ಮತ್ತು ಬಹಳಷ್ಟು ಜನ ತಪ್ಪು ಕಲ್ಪನೆಯಿಂದ ಹೊರಡುವುದೂ ಇಲ್ಲಿಯೇ. ಪಿಸ್ತೂಲಿನ ಹಿಂಬದಿಯಲ್ಲಿ ಕಚ್ಚಿನಂಥ ಒಂದು ಸಂದು, ಮುಂದುಗಡೆ ಆಯತಾಕಾರದ ಒಂದು ಚಿಕ್ಕ ಕಂಬ ಇರುತ್ತವೆ; ಇವೇ ಸೈಟುಗಳು. ಕಂಬದ ತಲೆ ಸಂದಿನ ಮೇಲಂಚಿಗೆ ಸಮನಾಗಿ, ಎರಡೂ ಪಕ್ಕಗಳಲ್ಲಿ ಒಂದೇ ಅಳತೆಯ ಬೆಳಕು ಉಳಿಯುವಂತೆ ಹಿಡಿಯುವುದಕ್ಕೆ ಸೈಟು ಹೊಂದಿಸುವುದು ಎನ್ನುತ್ತಾರೆ. ಕಣ್ಣಿಗೆ ಹಿಂದಿನ ಸಂದು, ಮುಂದಿನ ಕಂಬ, ದೂರದ ಗುರಿಹಲಗೆ ಈ ಮೂರೂ ಒಮ್ಮೆಗೇ ಸ್ಪಷ್ಟವಾಗಿ ಕಾಣಲಾರವು. ಗುರಿಹಲಗೆಯನ್ನೇ ದಿಟ್ಟಿಸಬೇಕೆಂದು ಮನಸ್ಸು ಎಳೆಯುತ್ತದೆ, ಆದರೆ ತರಬೇತುದಾರರು ಮೊದಲ ದಿನದಿಂದಲೇ ಹೇಳುವುದು ಇದಕ್ಕೆ ವಿರುದ್ಧವಾದದ್ದು: ಮುಂದಿನ ಕಂಬ ಚೂಪಾಗಿ ಕಾಣಲಿ, ಗುರಿ ಮಸುಕಾಗಿರಲಿ.

ಇದರ ಹಿಂದಿನ ಗಣಿತ ಸರಳ. ನಿಯಮದಂತೆ ಎರಡು ಸೈಟುಗಳ ನಡುವಿನ ಅಂತರ ಹೆಚ್ಚೆಂದರೆ 220 ಮಿಲಿಮೀಟರ್. 25 ಮೀಟರ್ ಎಂದರೆ ಅದರ ಸುಮಾರು 114 ಪಟ್ಟು. ಆದ್ದರಿಂದ ಮುಂದಿನ ಕಂಬ ಸಂದಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಸರಿದರೂ ಗುಂಡು ಹಲಗೆಯ ಮೇಲೆ 11 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಸ್ಪರ್ಧೆಯ ಮೊದಲರ್ಧದ ಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ಹಾಗಾಗಿ ಆ ಗುಂಡಿಗೆ ಸಿಗುವುದು ಆರೇ ಅಂಕ. ಇನ್ನೊಂದೆಡೆ, ಸೈಟುಗಳ ಹೊಂದಾಣಿಕೆ ಕೆಡದೆ ಇಡೀ ತೋಳೇ 20 ಮಿಲಿಮೀಟರ್ ಅತ್ತಿತ್ತ ಓಲಾಡಿದರೆ ಗುಂಡು ಕೂಡ ಅಷ್ಟೇ ದೂರ ಸರಿದು, ಇನ್ನೂ ಹತ್ತರೊಳಗೇ ಉಳಿಯುತ್ತದೆ. ತೋಳಿನ ನಡುಕಕ್ಕೆ ಅಂಜಬೇಕಿಲ್ಲ, ಮಣಿಕಟ್ಟಿನ ಸಣ್ಣ ಬಾಗುವಿಕೆಗೆ ಅಂಜಬೇಕು ಎಂಬ ಈ ತಿಳಿವಳಿಕೆ ಒಳಗಿಳಿದವರ ಶೂಟಿಂಗ್ ಕೆಲವೇ ವಾರಗಳಲ್ಲಿ ಬದಲಾಗುತ್ತದೆ. ಯಾವ ದುಬಾರಿ ಪಿಸ್ತೂಲೂ ಕೊಡಲಾರದ ಸುಧಾರಣೆ ಅದು. ಗುರಿಯ ಕಪ್ಪು ವೃತ್ತದ ನಟ್ಟನಡುವಿಗೆ ಕಂಬವನ್ನು ಹಿಡಿಯುವ ಬದಲು, ಅದರ ಕೆಳಗಿನ ಬಿಳಿ ಪ್ರದೇಶದಲ್ಲಿ ಹಿಡಿದು ಸೈಟನ್ನು ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳುವ ಪದ್ಧತಿ ಬಂದದ್ದೂ ಇದೇ ಕಾರಣಕ್ಕೆ: ಕಪ್ಪು ಕಂಬ ಕಪ್ಪು ವೃತ್ತದಲ್ಲಿ ಕರಗಿಹೋದರೆ ಹೊಂದಾಣಿಕೆ ಕಾಣುವುದಿಲ್ಲ, ಬಿಳಿಯ ಮೇಲಾದರೆ ಕಾಣುತ್ತದೆ.

ಸೈಟಿನ ನಂತರದ್ದು ಟ್ರಿಗರ್. ಗುರಿ ಸರಿಯಾಗಿ ಕೂತ ಕ್ಷಣಕ್ಕೇ ಬೆರಳು ತಟ್ಟನೆ ಎಳೆದರೆ ಆ ಎಳೆತವೇ ನಳಿಕೆಯನ್ನು ಕೆಡಿಸುತ್ತದೆ; ಬೆರಳಿನ ಒತ್ತಡ ನೇರವಾಗಿ ಹಿಂದಕ್ಕೆ, ಒಂದೇ ಸಮನೆ ಏರುತ್ತ ಹೋಗಿ, ಮಾಗಿದ ಹಣ್ಣು ತೊಟ್ಟು ಕಳಚುವ ಹಾಗೆ ಗುಂಡು ಬಿಡುಗಡೆಯಾಗಬೇಕು. ಸದ್ದು ಬರುವುದಕ್ಕೆ ಮೊದಲೇ ಕಣ್ಣು ಮುಚ್ಚುವುದು, ಮಣಿಕಟ್ಟು ಕೆಳಕ್ಕೆ ಕುಸಿಯುವುದು ಇವು ಹೆಚ್ಚುಕಡಿಮೆ ಎಲ್ಲ ಆರಂಭಿಕರಲ್ಲೂ ಇರುವ ಅಂಜಿಕೆಯ ಪ್ರತಿಕ್ರಿಯೆಗಳು. ಇದನ್ನು ಪತ್ತೆಹಚ್ಚಲು ತರಬೇತುದಾರರು ಶೂಟರ್‌ಗೆ ತಿಳಿಸದೆ ತೋಟಾಗಳ ನಡುವೆ ಒಂದೆರಡು ಹುಸಿ ತೋಟಾಗಳನ್ನು ಸೇರಿಸುತ್ತಾರೆ, ಗುಂಡು ಹಾರದ ಆ ಗಳಿಗೆಯಲ್ಲಿ ಪಿಸ್ತೂಲಿನ ಮೂತಿ ಕುಸಿಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಿನ್ನೂಕು ದೊಡ್ಡದಾಗಿರುವ ಪಿಸ್ತೂಲಿನಲ್ಲಿ ಈ ರೋಗ ಬೇರೂರಿಬಿಡುತ್ತದೆ, .22ರಲ್ಲಿ ಅದಕ್ಕೆ ಮದ್ದುಂಟು. ಆ ಮದ್ದೆಂದರೆ ಖಾಲಿ ಪಿಸ್ತೂಲಿನ ಅಭ್ಯಾಸ: ತೋಟಾಗಳೆಲ್ಲ ಬೇರೆ ಕೋಣೆಯಲ್ಲಿದ್ದು, ಪಿಸ್ತೂಲು ಖಾಲಿಯಿರುವುದನ್ನು ಎರಡೆರಡು ಬಾರಿ ಪರೀಕ್ಷಿಸಿ, ಬಿಳಿ ಗೋಡೆಯೆದುರು ಸೈಟನ್ನು ನೋಡುತ್ತ ಟ್ರಿಗರ್ ಒತ್ತುವುದು. ಒಲಿಂಪಿಕ್ಸ್ ಮಟ್ಟದ ಶೂಟರ್‌ಗಳೂ ಬಿಡದೆ ಮಾಡುವ ಈ ಸಾಧನೆಗೆ ಒಂದು ಎಚ್ಚರಿಕೆ ಬೇಕು. ಹಳೆಯ ಅನೇಕ ರಿಮ್‌ಫೈರ್ ಪಿಸ್ತೂಲುಗಳಲ್ಲಿ ತೋಟಾ ಇಲ್ಲದಿದ್ದರೆ ಸೂಜಿ ನೇರವಾಗಿ ತೋಟಾ ಕೂರುವ ಕೋಣೆಯ ಉಕ್ಕಿನಂಚಿಗೆ ಬಡಿದು ಅದನ್ನು ಹಾಳುಮಾಡುತ್ತದೆ, ಆದಕಾರಣ ಹುಸಿ ತೋಟಾ ಬಳಸಬೇಕು ಅಥವಾ ಇದಕ್ಕೆಂದೇ ವ್ಯವಸ್ಥೆಯಿರುವ ಪಿಸ್ತೂಲು ಬೇಕು.

ಇಂಥ ಶಾಂತ ಅಭ್ಯಾಸದಿಂದ ಏನಾಗಬಲ್ಲದೆಂಬುದಕ್ಕೆ ಹಂಗೇರಿಯ ಕಾರೊಯ್ ತಕಾಚ್‌ಗಿಂತ ದೊಡ್ಡ ಸಾಕ್ಷಿಯಿಲ್ಲ. ಸೇನೆಯಲ್ಲಿದ್ದ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಜಖಂಗೊಂಡಿತು. ಎಡಗೈಯಲ್ಲಿ ಮೊದಲಿನಿಂದ ಕಲಿತು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳೆರಡರಲ್ಲೂ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನವನ್ನು ಗೆದ್ದರು. ಐದು ಗುರಿಗಳಿಗೆ ಐದು ಗುಂಡುಗಳನ್ನು ಕ್ರಮವಾಗಿ ಎಂಟು, ಆರು, ನಾಲ್ಕು ಸೆಕೆಂಡುಗಳಲ್ಲಿ ಹೊಡೆಯುವ ಅದೇ ಸ್ಪರ್ಧೆಯಲ್ಲಿ ಭಾರತದ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗಾಳಿಯ ಒತ್ತಡದಿಂದ ಹಾರಿಸುವ ಏರ್ ಪಿಸ್ತೂಲಿನ ಎರಡು ಕಂಚು ಗೆದ್ದ ಮನು ಭಾಕರ್ 25 ಮೀಟರಿನಲ್ಲಿ ನಾಲ್ಕನೆಯವರಾದರು. ಕರ್ನಾಟಕದ ಪಾಲೂ ಇಲ್ಲಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವನ್ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಅದೇ ವರ್ಷ ಮುಖದ ಒಂದು ಪಾರ್ಶ್ವ ಪಾರ್ಶ್ವವಾಯುವಿಗೆ ತುತ್ತಾದರೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು.

ಮೇಲಿನ ಹೆಸರುಗಳಲ್ಲಿ ಏರ್ ಪಿಸ್ತೂಲು ಮತ್ತೆ ಮತ್ತೆ ಬರುವುದಕ್ಕೆ ಕಾನೂನೂ ಒಂದು ಕಾರಣ. ಅಮೆರಿಕದ ಹಲವು ರಾಜ್ಯಗಳಲ್ಲಿ 21 ವರ್ಷ ತುಂಬಿದವರು ಅಂಗಡಿಗೆ ಹೋಗಿ ಹಿನ್ನೆಲೆ ಪರಿಶೀಲನೆ ಮುಗಿಸಿ .22 ಪಿಸ್ತೂಲನ್ನು ಕೊಂಡು ತರಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳಡಿ ಪರವಾನಗಿಯಿಲ್ಲದೆ ಇದನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಪಡೆಯಲು ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಅರ್ಜಿಯನ್ನು ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರು, ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳು ಪರಿಶೀಲಿಸುತ್ತಾರೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಕ್ರೀಡಾಪಟುಗಳಿಗೆ ಅವರ ಸಾಧನೆಗೆ ತಕ್ಕ ಪ್ರತ್ಯೇಕ ರಿಯಾಯಿತಿಗಳಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಉದ್ದನಳಿಕೆಯ ಕೋವಿಗಳದ್ದೇ ಹೊರತು ಪಿಸ್ತೂಲಿನದಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಗಾಳಿಯ ಒತ್ತಡದಿಂದ 4.5 ಮಿಲಿಮೀಟರಿನ ಸೀಸದ ಕಾಳನ್ನು ಹಾರಿಸುವ, 20 ಜೂಲ್ ಮೀರದ ಏರ್ ಪಿಸ್ತೂಲಿಗಾದರೋ ಈ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಆರೇಳು ಜೂಲ್ ದಾಟುವುದು ಅಪರೂಪ. ಸೈಟು, ಟ್ರಿಗರ್, ನಿಲುವು, ಉಸಿರಾಟದ ಪಾಠಗಳೆಲ್ಲ ಎರಡರಲ್ಲೂ ಒಂದೇ ಆಗಿರುವಾಗ, ನಮ್ಮಲ್ಲಿ ಹೊಸಬರು ಮೊದಲು ರಾಜ್ಯ ರೈಫಲ್ ಸಂಸ್ಥೆಗೆ ಸೇರಿದ ರೇಂಜೊಂದರಲ್ಲಿ ಏರ್ ಪಿಸ್ತೂಲನ್ನು ಹಿಡಿದು ವರ್ಷವಾದರೂ ಕಲಿತು, ಆಮೇಲೆ ಕ್ಲಬ್ಬಿನ .22 ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿ, ಕೊನೆಗೆ ಸ್ವಂತದ್ದನ್ನು ಯೋಚಿಸುವುದು ಎಲ್ಲ ದೃಷ್ಟಿಯಿಂದಲೂ ಲೇಸು. ಒಡೆತನ ಮೊದಲು, ಕಲಿಕೆ ಆಮೇಲೆ ಎಂಬ ಕ್ರಮ ಹಣಕ್ಕೂ ನಷ್ಟ, ಮನೆಗೂ ಅಪಾಯ.

ಸುರಕ್ಷತೆಯ ನಿಯಮಗಳಲ್ಲಿ ಅನುಭವಿಗಳಿಗೊಂದು, ಹೊಸಬರಿಗೊಂದು ಎಂಬ ಭೇದವಿಲ್ಲ. ಪ್ರತಿ ಪಿಸ್ತೂಲನ್ನೂ ತುಂಬಿದೆಯೆಂದೇ ಎಣಿಸುವುದು, ಮೂತಿಯನ್ನು ಗುರಿಹಲಗೆಯ ದಿಕ್ಕಿನಿಂದ ತಿರುಗಿಸದಿರುವುದು, ಸೈಟು ಗುರಿಗೆ ಬರುವ ತನಕ ಬೆರಳನ್ನು ಟ್ರಿಗರಿನ ಹೊರಗಿಡುವುದು ಇವು ಪಾಠವಾಗಿ ಉಳಿಯದೆ ಕೈಯ ರೂಢಿಯಾಗಬೇಕು. ರಿಮ್‌ಫೈರ್ ತೋಟಾಗಳಲ್ಲಿ ಅಂಚಿನ ಸ್ಫೋಟಕ ಎಲ್ಲೆಡೆ ಸಮನಾಗಿ ಹರಡಿರದಿದ್ದರೆ ಆಗೀಗ ಒಂದು ಹೊತ್ತಿಕೊಳ್ಳುವುದಿಲ್ಲ. ಅಂಥಾಗ ಪಿಸ್ತೂಲನ್ನು ತಿರುಗಿಸಿ ನೋಡದೆ, ಮೂತಿಯನ್ನು ಹಲಗೆಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾದು ತೋಟಾವನ್ನು ಹೊರತೆಗೆಯಬೇಕು. ಸದ್ದು ಕಡಿಮೆಯೆನಿಸಿದರೂ ಅದು 140 ಡೆಸಿಬಲ್ ಮೀರುವುದರಿಂದ ಕಿವಿಗೆ ರಕ್ಷಣೆ ಕಡ್ಡಾಯ, ಕಣ್ಣಿಗೆ ಕನ್ನಡಕವೂ ಹಾಗೆಯೇ. ಗುಂಡಿನಲ್ಲಿಯೂ ಸ್ಫೋಟಕದಲ್ಲಿಯೂ ಸೀಸವಿರುವುದರಿಂದ ರೇಂಜಿನಲ್ಲಿ ಏನನ್ನೂ ತಿನ್ನಬಾರದು, ಮುಗಿದ ಮೇಲೆ ಕೈತೊಳೆಯದೆ ಮಕ್ಕಳನ್ನು ಮುಟ್ಟಬಾರದು. ಮನೆಯಲ್ಲಿ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ, ತೋಟಾ ಬೇರೊಂದು ಬೀಗದಡಿ ಇರಬೇಕು.

ಪಿಸ್ತೂಲು ಕೈಸೇರಿದ ಮೇಲೆ ಉಳಿಯುವ ಸೊಗಸಾದ ಕೆಲಸವೆಂದರೆ ಅದಕ್ಕೆ ಒಪ್ಪುವ ತೋಟಾವನ್ನು ಹುಡುಕುವುದು. ಒಂದೇ ಕಾರ್ಖಾನೆಯ ಎರಡು ನಳಿಕೆಗಳು ಕೂಡ ಒಂದೇ ತೋಟಾಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಒಂದರಲ್ಲಿ ಗುಂಡುಗಳು ನಾಣ್ಯದಗಲದೊಳಗೆ ಗುಂಪುಗೂಡಿದರೆ ಮತ್ತೊಂದರಲ್ಲಿ ಚದುರುತ್ತವೆ, ವೇಗ ತುಸು ಕಡಿಮೆಯಾದ ತೋಟಾಗಳಲ್ಲಿ ಕೆಲವು ಪಿಸ್ತೂಲುಗಳು ಖಾಲಿ ಕೋಶವನ್ನು ಹೊರಗೆಸೆಯಲಾರದೆ ತಡವರಿಸುತ್ತವೆ. ಆದುದರಿಂದ ನಾಲ್ಕಾರು ಬಗೆಯ ತೋಟಾಗಳನ್ನು ತಂದು, ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಊರಿ, ಪ್ರತಿಯೊಂದರಿಂದ ಹತ್ತು ಗುಂಡುಗಳ ಗುಂಪನ್ನು ಹೊಸ ಹಲಗೆಯ ಮೇಲೆ ಹೊಡೆದು, ತಯಾರಿಕೆಯ ಬ್ಯಾಚಿನ ಸಂಖ್ಯೆಯೊಂದಿಗೆ ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಆ ನಳಿಕೆಗೆ ಯಾವುದು ಹಿಡಿಸುತ್ತದೆಂದು ಒಂದೆರಡು ದಿನಗಳಲ್ಲಿ ಗೊತ್ತಾಗುತ್ತದೆ. ಆ ಗುಂಪಿನ ಅಗಲಕ್ಕಿಂತ ಆಚೆ ಬೀಳುವ ಪ್ರತಿ ಗುಂಡೂ ಇನ್ನು ಮುಂದೆ ಶೂಟರ್‌ನ ಲೆಕ್ಕಕ್ಕೆ ಸೇರುತ್ತದೆ.