ಬಿಡಿಭಾಗವೂ ಬಂದೂಕೇ ಸ್ವಾಮಿ!

ಬಟವಾಡಿ: ಗುಜರಿ ಅಂಗಡಿಯ ತಕ್ಕಡಿಗೆ ಏನೇನು ಬಂದು ಬೀಳುವುದಿಲ್ಲ? ಮುರಿದ ಸೈಕಲ್ಲು, ಸವೆದ ನೇಗಿಲ ಗುಳ, ಬಸ್ಸಿನ ಸ್ಪ್ರಿಂಗ್ ಪಟ್ಟಿ. ಇವುಗಳ ನಡುವೆ ತಾತನ ಕಾಲದ ಬಂದೂಕಿನ ನಳಿಗೆಯೋ ಕುದುರೆಯೋ ಬಂತೆನ್ನಿ. "ತುಕ್ಕು ಹಿಡಿದದ್ದು ತಾನೇ, ಕೇಜಿ ಲೆಕ್ಕಕ್ಕೆ ಹಾಕಪ್ಪ" ಅಂತ ತೂಗಿಬಿಟ್ಟರೆ ತಂದವರೂ ಕೆಟ್ಟರು, ಕೊಂಡವರೂ ಕೆಟ್ಟರು.

ಯಾಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಶಸ್ತ್ರವೆಂದರೆ ಇಡೀ ಬಂದೂಕು ಮಾತ್ರವಲ್ಲ, ಅದರ ಬಿಡಿಭಾಗವೂ ಶಸ್ತ್ರವೇ. ಬಂದೂಕು ಮಾಡುವ ಯಂತ್ರವೂ ಶಸ್ತ್ರವೇ! ಹೊಸದಾಗಿ ಮಾಡುವುದಿರಲಿ, ಮಾರುವುದಕ್ಕೂ ರಿಪೇರಿಗೂ ಲೈಸೆನ್ಸು ಬೇಕು. 2019ರ ತಿದ್ದುಪಡಿ ಬಂದ ಮೇಲಂತೂ ಕಳ್ಳತನದಲ್ಲಿ ಬಂದೂಕು ತಯಾರಿಸಿದವನಿಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ.

ಅಮೆರಿಕದ ಕಥೆಯೇ ಬೇರೆ. ಅಲ್ಲಿಯ ಕೇಂದ್ರ ಕಾನೂನಿಗೆ ರೈಫಲ್ಲಿನ ನಡುಭಾಗದ ಉಕ್ಕಿನ ಒಡಲೊಂದೇ ಬಂದೂಕು. ಮಿಕ್ಕ ನಳಿಗೆ, ಮರದ ಹಿಡಿ, ಸ್ಪ್ರಿಂಗು ಎಲ್ಲ ಅಂಗಡಿ ಸಾಮಾನು. ಸೈನ್ಯದವರು ಬಿಸಾಡಿದ ಹಳೇ ರೈಫಲ್ಲುಗಳ ಭಾಗ ಕೊಂಡು ಮನೆಯಲ್ಲೇ ಜೋಡಿಸುವ ಹವ್ಯಾಸಿಗಳು ಅಲ್ಲಿ ಬೇಕಾದಷ್ಟು. ನಮ್ಮ ಬಂಗಾಳದ ಇಶಾಪುರ ಕಾರ್ಖಾನೆಯ ಹಳೇ ಮಾಲೂ ಕಡಲು ದಾಟಿ ಅವರ ಕೈ ಸೇರಿದೆ. ಅಲ್ಲಿ ಹವ್ಯಾಸ, ಇಲ್ಲಿ ಕೇಸು!

ಇಶಾಪುರದಲ್ಲಿ ತಯಾರಾದ ಆ ತ್ರೀ ನಾಟ್ ತ್ರೀಯನ್ನು ನೋಡದವರು ಯಾರು? ಬ್ಯಾಂಕಿನ ಬಾಗಿಲಲ್ಲಿ, ಖಜಾನೆ ಮುಂದೆ, ಪೊಲೀಸರ ಕವಾಯತಿನಲ್ಲಿ ಅದೇ. ಹತ್ತು ಗುಂಡು ಹಿಡಿಸುವ, ಸುಮಾರು 4 ಕೇಜಿ ತೂಗುವ ಲೀ-ಎನ್‌ಫೀಲ್ಡ್. ಎರಡು ಮಹಾಯುದ್ಧ ಕಂಡದ್ದು, 1962ರಲ್ಲಿ ಚೀನಾ ಗಡಿಯ ಚಳಿಯಲ್ಲೂ ನಮ್ಮ ಜವಾನರ ಕೈಯಲ್ಲಿದ್ದದ್ದು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ.

ಇದನ್ನು ಹಿಂದೆಮುಂದೆ ಎಳೆಯುವ ಬೋಲ್ಟಿನ ಮೇಲೆ ಒಂದು ನಂಬರು, ಒಡಲ ಮೇಲೂ ಅದೇ ನಂಬರು. ಎರಡೂ ತಾಳೆಯಾಗಬೇಕು. ಒಂದರ ಬೋಲ್ಟು ಇನ್ನೊಂದಕ್ಕೆ ತುರುಕಿ ಹೊಡೆದರೆ ತೋಟಾ ಹಿಂದಕ್ಕೇ ಸಿಡಿದು, ಹೊಡೆದವನ ಕಣ್ಣೇ ಹೋದೀತು. ಗುಜರಿ ರಾಶಿಯಿಂದ ಆಯ್ದು ಬೆಸುಗೆ ಹಾಕುವ ಶೂರರು ಇದನ್ನು ಕೇಳಿಸಿಕೊಂಡರೆ ಸಾಕು.

ಸಾಮಾನ್ಯ ಲೈಸೆನ್ಸಿನ ಮೇಲೂ ತ್ರೀ ನಾಟ್ ತ್ರೀ ಸಿಗದು. ಸೈನ್ಯದ ಗುಂಡು ಅದರಲ್ಲಿ ಹೋಗುತ್ತದೆಂದು ನಿಷೇಧಿತ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೇ ಇಶಾಪುರದವರು ಅದೇ ಮಾದರಿಯಲ್ಲಿ .315 ಅಳತೆಯ ರೈಫಲ್ಲು ಮಾಡಿ ಖಾಸಗಿಯವರಿಗೆ ಬಿಟ್ಟರು. ರೂಪ ಅದೇ, ಗುಂಡು ಬೇರೆ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಎಂದು ಬಸ್ಸಿನಲ್ಲಿ ವಾದ ಹೂಡುವವರುಂಟು. ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದರು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಮನೆಯಲ್ಲಿ ಕೂತು ಮಾಡುವುದಕ್ಕಲ್ಲ.

ನಮ್ಮ ಕಡೆಯ ತಾಪತ್ರಯ ಬೇರೆ. ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಹಂದಿ ಕಾಟಕ್ಕೆ ಲೈಸೆನ್ಸು ಪಡೆದ ಹಿರಿಯರು ಕಣ್ಣು ಮುಚ್ಚುತ್ತಾರೆ. ಬಂದೂಕು ಅಟ್ಟ ಸೇರುತ್ತದೆ. ಎಲೆಕ್ಷನ್ ಬಂದು, ಠಾಣೆಗೆ ತಂದೊಪ್ಪಿಸಿ ಎಂಬ ಹುಕುಂ ಬಂದಾಗಲೇ ಮಕ್ಕಳಿಗೆ ನೆನಪು. ಅಷ್ಟರಲ್ಲಿ ಒಬ್ಬ ಮಗ ನಳಿಗೆ ಬಿಚ್ಚಿರುತ್ತಾನೆ, ಇನ್ನೊಬ್ಬ ಹಿಡಿಯನ್ನು ಒಲೆಗೆ ಹಾಕಿರುತ್ತಾನೆ.

ಲೈಸೆನ್ಸುದಾರ ತೀರಿಕೊಂಡರೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸು ಪಡೆದ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೇಳಬಹುದು. ಬೇಡವೆಂದರೆ, ಠೇವಣಿಯಲ್ಲಿದ್ದಂತೆಯೇ ಲೈಸೆನ್ಸುಳ್ಳ ಇನ್ನೊಬ್ಬರಿಗೆ ಮಾರಿ ಹಣ ಪಡೆಯಬಹುದು. ಗಡುವು ಮೀರಿದರೆ ಸರ್ಕಾರಕ್ಕೆ ಮುಟ್ಟುಗೋಲು. ಠಾಣೆಯಲ್ಲಿ ಕೊಟ್ಟ ದಿನವೇ, ಬಂದೂಕಿನ ನಂಬರು ಬರೆಸಿಕೊಂಡು ರಸೀದಿ ಕೇಳಿ ತೆಗೆದುಕೊಳ್ಳಿ.