ಮನೆಮನೆಗೆ ಅಂತರಜಾಲ: ಸರಕಾರದ ಹೊಣೆ ಎಲ್ಲಿಯವರೆಗೆ?

ಕಳೆದ ಭಾನುವಾರ ಅಪರಾಹ್ನ ನಮ್ಮ ಕಾರ್ಯಾಲಯದಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಶಿವಾಜಿನಗರದ ಹೋಟೆಲೊಂದರಲ್ಲಿ ಅಡಿಗೆ ಮಾಡುವ ಕುಂದಾಪುರದ ಕಡೆಯ ಹಿರಿಯರೊಬ್ಬರೂ, ಖಾಸಗಿ ಕಂಪನಿಯಲ್ಲಿ ಗುಮಾಸ್ತರಾಗಿರುವ ಧಾರವಾಡದ ತರುಣ ಮಿತ್ರರೊಬ್ಬರೂ ಪತ್ರಿಕೆ ಓದಲೆಂದು ಬಂದಿದ್ದರು. ಹಳ್ಳಿಗಳ ಮನೆಗಳಿಗೆ ಅತಿವೇಗದ ಅಂತರಜಾಲವನ್ನು ಮುಟ್ಟಿಸಲು ಕೇಂದ್ರ ಸರಕಾರವು ಸಾವಿರಾರು ಕೋಟಿ ರೂಪಾಯಿ ವೆಚ್ಚ ಮಾಡುತ್ತಿರುವ ವಿಷಯವು ಮಾತಿನ ನಡುವೆ ಬಂತು.

“ಇದು ಸರಕಾರದ ಕೆಲಸವೇ ಅಲ್ಲ,” ಎಂದರು ಗುಮಾಸ್ತ ಮಿತ್ರರು. “ಮೊಬೈಲ್ ಕಂಪನಿಗಳು ಪೈಪೋಟಿಯಿಂದ ಅಗ್ಗವಾಗಿ ಕೊಡುತ್ತಿಲ್ಲವೇ? ನಮ್ಮ ತೆರಿಗೆಯ ಹಣವನ್ನು ನೆಲದಲ್ಲಿ ಹೂಳುವುದೇಕೆ?”

ಅಡಿಗೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದರು: “ನೀವು ಓದಿದವರು, ನೀವು ಹೇಳುವುದು ಪುಣೆಗೆ ಸರಿ. ನಮ್ಮಲ್ಲಿ ಮಳೆಗಾಲದಲ್ಲಿ ಮಗಳು ಫೋನು ಹಿಡಿದುಕೊಂಡು ಗುಡ್ಡೆ ಹತ್ತಬೇಕು. ನಾನು ಇಲ್ಲಿಂದ ಹಾಕಿಸಿದ ರೀಚಾರ್ಜು ಅವಳ ಪಾಠಕ್ಕೆ ಒದಗುವುದಿಲ್ಲ.”

ಇಬ್ಬರ ಮಾತಿನಲ್ಲಿಯೂ ತಥ್ಯವಿದೆ. ಆದುದರಿಂದಲೇ ಈ ಪ್ರಶ್ನೆಯನ್ನು ವಾಚಕರ ಮುಂದೆ ಸಾವಧಾನವಾಗಿ ಇಡುವುದು ಉಚಿತವೆಂದು ನಮಗೆ ತೋರಿತು.

ಕಾಲಾಣೆಯ ಕಾರ್ಡು

ಜನರಿಗೆ ಪರಸ್ಪರ ಸಂಪರ್ಕವನ್ನು ಒದಗಿಸುವುದು ಸರಕಾರದ ಕರ್ತವ್ಯವೇ ಎಂಬ ಪ್ರಶ್ನೆ ಹೊಸತಲ್ಲ. 1854ರಲ್ಲಿ ಹಗುರವಾದ ಕಾಗದಕ್ಕೆ, ಅದು ನೆರೆಯ ಬೀದಿಗೆ ಹೋಗಲಿ, ದೇಶದ ಇನ್ನೊಂದು ಕೊನೆಗೆ ಹೋಗಲಿ, ಅರ್ಧ ಆಣೆಯ ಒಂದೇ ದರವನ್ನು ಗೊತ್ತುಪಡಿಸಲಾಯಿತು. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂತು. ಮರುವರ್ಷ ಮನಿಯಾರ್ಡರು ಬಂತು. ಹಳ್ಳಿಯ ಮನೆಗೆ ಕಾರ್ಡನ್ನು ಮುಟ್ಟಿಸುವ ವೆಚ್ಚವು ಅದರ ಬೆಲೆಗಿಂತ ಎಷ್ಟೋ ಹೆಚ್ಚು. ಬಹುಕಾಲದಿಂದ 50 ಪೈಸೆಗೆ ಮಾರಲಾಗುತ್ತಿರುವ ಆ ಕಾರ್ಡಿನಿಂದ ಅಂಚೆ ಇಲಾಖೆಗೆ ನಷ್ಟವೇ ಹೊರತು ಲಾಭವಿಲ್ಲ. ಆದರೂ ಅದನ್ನು ಯಾರೂ ದುಂದುವೆಚ್ಚವೆಂದು ದೂರಿದುದಿಲ್ಲ. ಕರಾವಳಿಯಿಂದ ಪುಣೆ, ಮುಂಬಯಿಗಳಿಗೆ ಬಂದು ಕಪ್ಪು-ಬಸಿ ತೊಳೆದ ನಮ್ಮ ಹಿರಿಯರ ಸಂಸಾರಗಳು ಆ ಕಾರ್ಡು ಮತ್ತು ಮನಿಯಾರ್ಡರುಗಳ ಆಧಾರದಿಂದಲೇ ನಡೆದವು.

ದೂರವಾಣಿಯ ಕಥೆಯೂ ಇಂಥದೇ. ಸರಕಾರವು 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಧೂಳು, ಸೆಕೆಗಳನ್ನು ತಡೆದುಕೊಂಡು, ಹವಾನಿಯಂತ್ರಣದ ಕೋಣೆಯಿಲ್ಲದೆ ನಡೆಯುವ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ಅಲ್ಲಿಯ ತಂತ್ರಜ್ಞರು ರೂಪಿಸಿದರು. ಅವುಗಳಲ್ಲಿ ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದುದು ನಮ್ಮ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡತಕ್ಕ ಸಂಗತಿ. ಆ ಬಳಿಕ ಊರೂರಿಗೆ ಎಸ್.ಟಿ.ಡಿ. ಬೂತುಗಳು ಬಂದವು. ನಾವು ಹದಿಹರೆಯದಲ್ಲಿ ಪುಣೆಗೆ ಬಂದು ಹೋಟೆಲು ಸೇರಿದಾಗ, ರಾತ್ರಿ ದರ ಇಳಿಯುವ ಹೊತ್ತಿಗೆ ಬೂತಿನ ಮುಂದೆ ಸಾಲುಗಟ್ಟಿ ನಿಂತು, ಊರಿನ ಅಂಗಡಿಯೊಂದಕ್ಕೆ ಫೋನು ಮಾಡಿ, ಅಮ್ಮನನ್ನು ಕರೆದುಕೊಂಡು ಬರುವವರೆಗೆ ಮೀಟರಿನ ಅಂಕೆಯನ್ನು ನೋಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಲಾಭವಿಲ್ಲದ ಕಡೆಗೆ ವ್ಯಾಪಾರಿಯು ತಾನಾಗಿ ಹೋಗುವುದಿಲ್ಲ. ಅದು ಅವನ ತಪ್ಪೂ ಅಲ್ಲ. ಗಿರಾಕಿಯಿಲ್ಲದ ಬೀದಿಯಲ್ಲಿ ನಾವೂ ಹೋಟೆಲು ತೆರೆದವರಲ್ಲ. ಅಂಥಲ್ಲಿಗೆ ಹೋಗಲೆಂದೇ ಸರಕಾರವಿರುವುದು.

ಈಗ ಆಗಿರುವುದೇನು?

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತಿಯನ್ನು ಎಳೆಯುವ ಯೋಜನೆಗೆ ಕೇಂದ್ರ ಮಂತ್ರಿಮಂಡಲವು 2011ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಕೂದಲಿನಷ್ಟು ಸಪೂರವಾದ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸುದ್ದಿಯನ್ನು ಒಯ್ಯುವ ತಂತಿಯಿದು. ಈ ಯೋಜನೆಗೆ 2015ರಲ್ಲಿ ‘ಭಾರತ್‌ನೆಟ್’ ಎಂಬ ಹೆಸರಾಯಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಕೆಲಸದಲ್ಲಿ ಮೊದಲ 1 ಲಕ್ಷ ಪಂಚಾಯಿತಿಗಳನ್ನು ಮುಟ್ಟುವುದಕ್ಕೇ 2017ರ ಡಿಸೆಂಬರ್ ಬಂತು. 2020ರ ಆಗಸ್ಟ್ 15ರಂದು ಪ್ರಧಾನಮಂತ್ರಿಗಳು 1,000 ದಿನಗಳಲ್ಲಿ 6 ಲಕ್ಷ ಹಳ್ಳಿಗಳಿಗೆ ಈ ಸೌಕರ್ಯವನ್ನು ಒದಗಿಸುವುದಾಗಿ ಕೆಂಪು ಕೋಟೆಯಿಂದ ಸಾರಿದರು. ಆ ದಿನಗಳು 2023ರ ಮೇ ತಿಂಗಳಲ್ಲಿಯೇ ತೀರಿದವು, ಕೆಲಸ ತೀರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆ ಮಂಜೂರಾಯಿತು. ಪಂಚಾಯಿತಿಯ ಕಚೇರಿಯಲ್ಲಿ ನಿಲ್ಲದೆ 1.5 ಕೋಟಿ ಗ್ರಾಮೀಣ ಮನೆಗಳಿಗೆ ತಂತಿಯನ್ನು ಒಯ್ಯಬೇಕೆಂಬುದು ಅದರ ಗುರಿ.

ಇಷ್ಟು ವಿಳಂಬವನ್ನು ಕಂಡವರು ನಮ್ಮ ಗುಮಾಸ್ತ ಮಿತ್ರರಂತೆ ಸಿಟ್ಟಾಗುವುದು ಸಹಜವೇ. ಅವರ ಇನ್ನೊಂದು ವಾದವೂ ಗಟ್ಟಿಯಾಗಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿಯು ಮಾರುಕಟ್ಟೆಗೆ ಇಳಿದ ಬಳಿಕ ಮೊಬೈಲ್ ಅಂತರಜಾಲದ ದರವು ಬಹಳ ಕುಸಿಯಿತು. ಕೆಲಸಗಾರನ ಕೈಯಲ್ಲಿಯೂ ಅಂತರಜಾಲ ಬಂದುದು ಆ ಪೈಪೋಟಿಯಿಂದ, ಭಾರತ್‌ನೆಟ್ಟಿನಿಂದಲ್ಲ. ಇದನ್ನು ಅಲ್ಲಗಳೆಯಲಾಗದು.

ಆದರೆ ಮೊಬೈಲು ಎಲ್ಲಕ್ಕೂ ಸಾಲದು. ದೇಶದಲ್ಲಿ ಬ್ರಾಡ್‌ಬ್ಯಾಂಡ್ ಪಡೆದವರ ಸಂಖ್ಯೆ 90 ಕೋಟಿಯನ್ನು ಮೀರಿದ್ದರೂ ಅವರಲ್ಲಿ ತಂತಿಯ ಸಂಪರ್ಕವುಳ್ಳವರು 4 ಕೋಟಿಯ ಆಸುಪಾಸಿನಲ್ಲಿದ್ದಾರೆ. ಗೋಪುರವೊಂದರ ಅಲೆಗಳನ್ನು ಸುತ್ತಲಿನವರೆಲ್ಲರೂ ಹಂಚಿಕೊಳ್ಳಬೇಕಾಗುತ್ತದೆ. ಗುಡ್ಡ, ಕಾಡು, ಮಳೆಗಳಿದ್ದಲ್ಲಿ ಅದೂ ದೊರಕದು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನಿಂದ ಬಂದ ಒಂದು ಚಿತ್ರವನ್ನು ವಾಚಕರು ಮರೆತಿರಲಾರರು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ. ತಂದೆ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಅಂದು ಪೈಪೋಟಿಯಿಂದ ದರ ಇಳಿದು ಐದು ವರ್ಷಗಳಾಗುತ್ತ ಬಂದಿದ್ದವು. ಆ ದರಗಳಾದರೂ ಹಾಗೆಯೇ ನಿಲ್ಲಲಿಲ್ಲ. 2024ರ ಜುಲೈಯಲ್ಲಿ ಮೂರು ದೊಡ್ಡ ಖಾಸಗಿ ಕಂಪನಿಗಳೂ ಒಂದರ ಹಿಂದೆ ಒಂದರಂತೆ ದರ ಏರಿಸಿದುದನ್ನು ಸಂಬಳದ ದಿನ ಎಲ್ಲರೂ ಅನುಭವಿಸಿದ್ದೇವೆ.

ಹಣ ಯಾರದು?

ಇಲ್ಲಿ ಹೋಟೆಲು ಕೆಲಸಗಾರರೂ ಗುಮಾಸ್ತರೂ ತಿಳಿದಿರಬೇಕಾದ ಒಂದು ಲೆಕ್ಕವಿದೆ. ಭಾರತ್‌ನೆಟ್ಟಿನ ಕೆಲಸಕ್ಕೆ ಆಧಾರವಾಗಿರುವ ನಿಧಿಯು 2002ರಲ್ಲಿ ಏರ್ಪಟ್ಟಿತು. 2023ರ ದೂರಸಂಪರ್ಕ ಕಾಯಿದೆಯ ಮೇರೆಗೆ ಅದಕ್ಕೆ ‘ಡಿಜಿಟಲ್ ಭಾರತ ನಿಧಿ’ ಎಂದು ಹೆಸರಾಗಿದೆ. ದೂರಸಂಪರ್ಕ ಕಂಪನಿಗಳು ತಮ್ಮ ಪರಿಷ್ಕೃತ ಆದಾಯದ ಶೇಕಡಾ 5ರಷ್ಟನ್ನು ಈ ನಿಧಿಗಾಗಿ ತೆರಬೇಕು. ಕಂಪನಿಗಳು ಅದನ್ನು ತೆರುವುದು ಗಿರಾಕಿಯಿಂದ ಬಂದ ಹಣದಲ್ಲಿಯೇ. ತಿಂಗಳಿಗೆ 300 ರೂಪಾಯಿಯ ರೀಚಾರ್ಜು ಹಾಕಿಸುವ ಒಬ್ಬ ಮಾಣಿಯ ಹಣದಲ್ಲಿ, ಜಿ.ಎಸ್.ಟಿ. ಕಳೆದ ಮೇಲೆ, ಸ್ಥೂಲವಾಗಿ 12 ರೂಪಾಯಿ ಈ ಬಾಬಿಗೆ ಸಲ್ಲುತ್ತದೆ. ಊರಿನ ತಾಯಿಯ ಫೋನಿಗೂ ಅವನೇ ಹಾಕಿಸಿದರೆ 24 ರೂಪಾಯಿ. ವರ್ಷಕ್ಕೆ ಸುಮಾರು 300 ರೂಪಾಯಿ.

ಆದುದರಿಂದ ಹಳ್ಳಿಯ ಮನೆಗೆ ತಂತಿಯನ್ನು ಕೇಳುವವನು ದಾನ ಬೇಡುತ್ತಿಲ್ಲ. ತಾನು ಕೊಟ್ಟುದರ ಲೆಕ್ಕವನ್ನು ಕೇಳುತ್ತಿದ್ದಾನೆ. ಸರಕಾರವು ನೆರವು ಕೊಡಬೇಕೇ ಎಂಬುದಕ್ಕಿಂತ, ಕೊಟ್ಟ ನೆರವು ಯಾವುದಕ್ಕೆ ಸಲ್ಲುತ್ತಿದೆ ಎಂಬುದೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ.

ಇದುವರೆಗೆ ಲೆಕ್ಕ ಹಿಡಿದುದು ಹೆಚ್ಚಾಗಿ ಎಳೆದ ತಂತಿಯನ್ನು. ಒಂದು ಪಂಚಾಯಿತಿಯಿಂದ ಮುಂದಿನದಕ್ಕೆ ಸಾಲಾಗಿ ಹೋದ ತಂತಿಯನ್ನು ರಸ್ತೆ ಅಗೆಯುವವನ ಯಂತ್ರವು ಒಂದೆಡೆ ಕಡಿದರೆ ಆಚೆಗಿನವರೆಲ್ಲರೂ ಕತ್ತಲೆಯಲ್ಲಿ ಉಳಿಯುತ್ತಿದ್ದರು. ಹೊಸ ಯೋಜನೆಯಲ್ಲಿ ತಂತಿಯನ್ನು ಬಳೆಯಂತೆ ಸುತ್ತು ತರಬೇಕೆಂದೂ, ಹತ್ತು ವರ್ಷಗಳ ದುರಸ್ತಿಯ ಹೊಣೆಯನ್ನು ಗುತ್ತಿಗೆಯಲ್ಲಿಯೇ ಸೇರಿಸಬೇಕೆಂದೂ ಇದೆ. ಬಳೆಯ ಒಂದು ಬದಿ ಕಡಿದರೆ ಸುದ್ದಿಯು ಇನ್ನೊಂದು ಬದಿಯಿಂದ ಬರುತ್ತದೆ. ಇದು ಯೋಗ್ಯವಾದ ತಿದ್ದುಪಡಿ. ಆದರೆ ಇಷ್ಟಕ್ಕೇ ತೃಪ್ತರಾಗದೆ, ಎಷ್ಟು ಮೈಲು ತಂತಿ ಹೂತಿರಿ ಎಂದು ಕೇಳುವುದನ್ನು ಬಿಟ್ಟು, ಎಷ್ಟು ಮನೆಗಳಲ್ಲಿ ಈ ತಿಂಗಳು ತಂತಿಯು ಜೀವಂತವಾಗಿತ್ತು ಎಂದು ಕೇಳಿ, ಅದಕ್ಕೆ ತಕ್ಕಂತೆ ಗುತ್ತಿಗೆದಾರರಿಗೆ ಹಣ ಕೊಡತಕ್ಕದ್ದು. ಒಲೆ ಹೊತ್ತಿಸಿದ ಮಾತ್ರಕ್ಕೆ ಯಾವ ಗಿರಾಕಿಯೂ ಬಿಲ್ಲು ಕೊಡುವುದಿಲ್ಲ.

ಬೇರೆಯವರ ಅನುಭವ

ಫಿನ್‌ಲೆಂಡ್ ದೇಶವು 2010ರ ಜುಲೈಯಿಂದ ಅಂತರಜಾಲ ಸಂಪರ್ಕವನ್ನು ಪ್ರಜೆಗಳ ಕಾನೂನುಬದ್ಧ ಹಕ್ಕನ್ನಾಗಿ ಮಾಡಿತು. ನಮ್ಮಲ್ಲಿ ಕೇರಳದ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿ, ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿ ಅಡಕವಾಗಿದೆ ಎಂದು ತೀರ್ಪಿತ್ತಿತು. ಕೇರಳ ಸರಕಾರವು 2023ರ ಜೂನಿನಲ್ಲಿ ಉದ್ಘಾಟಿಸಿದ ಕೆ-ಫೋನ್ ಯೋಜನೆಯು 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವನ್ನು ಉದ್ದೇಶಿಸಿತು. ಮೊದಲ ಹಂತಕ್ಕೆ ಇಟ್ಟುಕೊಂಡ ಗುರಿ ಮಾತ್ರ 14,000 ಮನೆಗಳು. ಉದ್ದೇಶಕ್ಕೂ ಕೈಗೂಡುವುದಕ್ಕೂ ಇರುವ ಅಂತರವು ಕಾಸರಗೋಡಿನ ನಮ್ಮ ಬಂಧುಗಳಿಗೆ ಚೆನ್ನಾಗಿ ಗೊತ್ತು.

ಅಮೆರಿಕದ್ದು ಬೇರೊಂದು ಪಾಠ. ಅಲ್ಲಿ 2021ರ ಕಾಯಿದೆಯೊಂದರಂತೆ ಬಡ ಕುಟುಂಬಗಳ ಅಂತರಜಾಲದ ಬಿಲ್ಲಿಗೆ ತಿಂಗಳಿಗೆ 30 ಡಾಲರಿನವರೆಗೆ ಸರಕಾರವೇ ಕೊಡತೊಡಗಿತು. 2.3 ಕೋಟಿ ಕುಟುಂಬಗಳು ಅದನ್ನು ಪಡೆದವು. ಮಂಜೂರಾದ ಹಣ ತೀರಿದಾಗ ಹೊಸ ಹಣ ಬರಲಿಲ್ಲ. 2024ರ ಜೂನಿನಲ್ಲಿ ಯೋಜನೆಯೇ ನಿಂತುಹೋಯಿತು. ನಿತ್ಯದ ಖರ್ಚಿಗೆ ನಿತ್ಯದ ಆದಾಯ ಬೇಕೆಂಬುದನ್ನು ಹೋಟೆಲಿನ ಗಲ್ಲಾದಲ್ಲಿ ಕುಳಿತವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ದೃಷ್ಟಿಯಿಂದ ನಮ್ಮ ನಿಧಿಯ ಏರ್ಪಾಡು ಹೆಚ್ಚು ಭದ್ರವಾದುದು. ಅದನ್ನು ಸರಿಯಾಗಿ ಬಳಸುವುದಷ್ಟೇ ಬಾಕಿ.

ಮನೆಯಿಲ್ಲದವನ ಮನೆ

ಈ ಯೋಜನೆಗಳೆಲ್ಲವೂ ‘ಮನೆ’ಯನ್ನು ಲೆಕ್ಕ ಹಿಡಿಯುತ್ತವೆ. ಆದರೆ ಪುಣೆಯ ಹೋಟೆಲು ಕೆಲಸಗಾರನ ಮನೆ ಯಾವುದು? ಊರಿನ ಮನೆಯಲ್ಲಿ ಅವನಿಲ್ಲ. ಇಲ್ಲಿ ಅಡಿಗೆಮನೆಯ ಮೇಲಿನ ಅಟ್ಟದಲ್ಲಿಯೋ, ಮಾಲಿಕರು ಹಿಡಿದುಕೊಟ್ಟ ಕೋಣೆಯಲ್ಲಿಯೋ ಏಳೆಂಟು ಜನರ ನಡುವೆ ಹಾಸಿಗೆ ಬಿಡಿಸುತ್ತಾನೆ. ಹಗಲು ಅವನು ಕಾಫಿ ಕೊಡುವ ಹಿಂಜವಡಿಯ ಇಂಜಿನಿಯರರು ಅಂತರಜಾಲದಿಂದಲೇ ಜೀವನ ಮಾಡುವವರು. ರಾತ್ರಿ ಅವನ ಕೋಣೆಯಲ್ಲಿ ಒಬ್ಬನ ಫೋನಿನ ಹಾಟ್‌ಸ್ಪಾಟಿಗೆ ಆರು ಮಂದಿ ಕಾಯುತ್ತಾರೆ. ಯಾವ ಪಂಚಾಯಿತಿಯೂ ಅವನನ್ನು ಎಣಿಸುವುದಿಲ್ಲ. ಈ ಕೋಣೆಯ ಮಟ್ಟಿಗೆ ಹೊಣೆಯು ದೆಹಲಿಯದಲ್ಲ, ಮಾಲಿಕರದು.

ಇದನ್ನು ಬರೆಯುವಾಗ ನಾವು ನಮ್ಮ ತಪ್ಪನ್ನೂ ಹೇಳಬೇಕು. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಗಿರಾಕಿಗಳ ಅನುಕೂಲಕ್ಕೆಂದು ನಾವು ವೈ-ಫೈ ಹಾಕಿಸಿದೆವು. ಕೆಲಸದವರಿಗೆ ಪಾಸ್‌ವರ್ಡು ತಿಳಿಸಕೂಡದೆಂದು ಗಲ್ಲಾದವರಿಗೆ ಕಟ್ಟಪ್ಪಣೆ ಮಾಡಿದ್ದೆವು. ಒಂದು ರಾತ್ರಿ ಹನ್ನೊಂದೂವರೆಗೆ ಬಾಗಿಲೆಳೆದ ಮೇಲೆ, ಮೇಜು ಒರೆಸುವ ಹುಡುಗನೊಬ್ಬನು ಹೊರಗಿನ ಮೆಟ್ಟಿಲಿನ ಮೇಲೆ ಫೋನು ಹಿಡಿದು ಕುಳಿತುದನ್ನು ಕಂಡೆವು. ಯಾರೋ ಗಿರಾಕಿಯಿಂದ ಪಾಸ್‌ವರ್ಡು ತಿಳಿದುಕೊಂಡಿದ್ದನು. ಗದರಿಸಿ ಕಳುಹಿಸಿದೆವು, ಮರುದಿನವೇ ಅದನ್ನು ಬದಲಾಯಿಸಿದೆವು. ಅವನು ಪಿ.ಯು.ಸಿ. ಪರೀಕ್ಷೆಗೆ ಖಾಸಗಿಯಾಗಿ ಕೂರಲು ಅರ್ಜಿ ತುಂಬುತ್ತಿದ್ದನೆಂಬುದು ನಮಗೆ ತಿಳಿದುದು ಅರ್ಜಿಯ ಕೊನೆಯ ದಿನ ಕಳೆದ ಮೇಲೆ. ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಬೇಕಾಗಿ ಬಂದ ನಮಗೆ ಅದರ ಬೆಲೆ ಗೊತ್ತಿರಬೇಕಾಗಿತ್ತು. ಅವನು ಬಳಸಿದ್ದರಿಂದ ನಮ್ಮ ಬಿಲ್ಲಿಗೆ ಒಂದು ರೂಪಾಯಿಯೂ ಹೆಚ್ಚುತ್ತಿರಲಿಲ್ಲ. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಮಳೆಗಾಲಕ್ಕೆ ಊರಿಗೆ ಹೋದವನು ಹಿಂದಿರುಗಲಿಲ್ಲ.

ಇಂದು ಮಾಲಿಕರಿಗೆ ದಾರಿ ಸುಲಭವಾಗಿದೆ. 2020ರ ಡಿಸೆಂಬರಿನಲ್ಲಿ ಮಂಜೂರಾದ ‘ಪಿ.ಎಂ.-ವಾಣಿ’ ಏರ್ಪಾಡಿನಂತೆ ಚಹದಂಗಡಿಯವರೂ ಕಿರಾಣಿಯವರೂ ಲೈಸೆನ್ಸಿಲ್ಲದೆಯೇ ಸಾರ್ವಜನಿಕ ವೈ-ಫೈ ನಡೆಸಬಹುದು. ಆದರೆ ಕೆಲಸಗಾರರ ಕೋಣೆಗೆ ಸಂಪರ್ಕ ಹಾಕಿಸಲು ಇಷ್ಟರ ಅಗತ್ಯವೂ ಇಲ್ಲ. ಊಟ ಮತ್ತು ವಸತಿಗಳು ಸಂಬಳದೊಂದಿಗೆ ಸೇರಿಯೇ ಇರುವುದು ನಮ್ಮ ಹೋಟೆಲುಗಳ ಹಳೆಯ ಪದ್ಧತಿ. ಅವುಗಳ ಜತೆಗೆ ಇದೂ ಸೇರಲಿ ಎಂದು ಪುಣೆಯ ಕನ್ನಡ ಮಾಲಿಕರಲ್ಲಿ ನಮ್ಮ ವಿನಂತಿ.

ಭಾನುವಾರದ ಆ ಮಾತುಕತೆ ಮುಗಿದು ಏಳುವಾಗ ಅಡಿಗೆಯವರು ಇನ್ನೊಂದು ಮಾತು ಕೇಳಿದರು: “ತಂತಿ ನಮ್ಮ ಪಂಚಾಯಿತಿ ಕಚೇರಿಯವರೆಗೆ ಬಂದಿದೆಯಂತೆ. ಅಲ್ಲಿಂದ ನಮ್ಮ ಮನೆಗೆ ಎರಡು ಮೈಲು. ಆ ಎರಡು ಮೈಲಿಗೆ ಯಾರನ್ನು ಕೇಳಬೇಕು?”

ಗುಮಾಸ್ತ ಮಿತ್ರರು ಉತ್ತರ ಹೇಳಲಿಲ್ಲ. ಆದರೆ ಜೇಬಿನಿಂದ ಪೆನ್ನು ತೆಗೆದು, ಅಡಿಗೆಯವರ ಪಂಚಾಯಿತಿಗೂ ಆ ಭಾಗದ ಬಿ.ಎಸ್.ಎನ್.ಎಲ್. ಕಚೇರಿಗೂ ಎರಡು ಅರ್ಜಿಗಳನ್ನು ಅಲ್ಲಿಯೇ ಬರೆದುಕೊಟ್ಟರು. ಊರಿನ ಮನೆಗೆ ಸಂಪರ್ಕ ಬೇಕೆಂದು ಹೀಗೆ ಅರ್ಜಿ ಕಳುಹಿಸಬಯಸುವ ವಾಚಕರು ಯಾವ ಭಾನುವಾರವಾದರೂ ಅಪರಾಹ್ನ ನಮ್ಮ ಕಾರ್ಯಾಲಯಕ್ಕೆ ಬರಬಹುದು. ಮನೆಯವರ ಹೆಸರು, ಹಳ್ಳಿ, ಪಂಚಾಯಿತಿಗಳ ವಿವರವನ್ನು ತಂದರೆ ಸಾಕು. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ.