ನಡು ಉಳಿದರೆ ಒಕ್ಕಲುತನ ಉಳಿದೀತು

ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯಲ್ಲಿ ಕಬ್ಬಿನ ಸುಗ್ಗಿ ಆರಂಭವಾಯಿತೆಂದರೆ ಹೊರೆ ಹೊರುವುದೂ ಆರಂಭ. ಎತ್ತಿನ ಹೆಗಲು ಹುಣ್ಣಾದರೆ ನೊಗ ಇಳಿಸಿ ಔಷಧ ಹಚ್ಚುವ ನಾವು, ನಮ್ಮ ನಡು ನೊಂದರೆ ಮಾತ್ರ ಕಾವು ಕೊಟ್ಟು ಮರುದಿನ ಮತ್ತೆ ಹೊಲಕ್ಕೆ ನಡೆಯುತ್ತೇವೆ.

ಹೋದ ವರ್ಷ ನಾವು ಯೂರಿಯಾ ಚೀಲವನ್ನು ಒಬ್ಬರೇ ಬಾಗಿ ಎತ್ತಿದೆವು, ನಡು ಹಿಡಿದುಕೊಂಡಿತು. ಮೂರು ವಾರ ಹೊಲವೂ ಇಲ್ಲ, ಶಾಲೆಯೂ ಇಲ್ಲ. ಏಳನೆಯ ಇಯತ್ತೆಗೆ ಹಾರೆಯ ಪಾಠ ಹೇಳುವವರು ನಾವೇ! ಆ ಪಾಠ ನಮ್ಮ ನಡುವಿಗೂ ಸಲ್ಲುತ್ತದೆಂಬುದು ಹೊಳೆದಿರಲಿಲ್ಲ.

ಲೆಕ್ಕ ಸರಳವಾಗಿದೆ. ಬೆನ್ನಿನ ಸ್ನಾಯು ಬೆನ್ನೆಲುಬಿನ ಆಧಾರದಿಂದ ಸುಮಾರು ೫ ಸೆಂಟಿಮೀಟರ್ ಹಿಂದೆ ಇರುತ್ತದೆ. ೨೦ ಕಿಲೋ ಹೊರೆಯನ್ನು ೫೦ ಸೆಂಟಿಮೀಟರ್ ಮುಂದೆ ಹಿಡಿದರೆ ದೂರ ಹತ್ತು ಪಟ್ಟು. ಸ್ನಾಯು ೨೦೦ ಕಿಲೋ ಬಲದಿಂದ ಜಗ್ಗಬೇಕು. ಮೈಗೆ ಹತ್ತಿರ, ೨೫ ಸೆಂಟಿಮೀಟರಿಗೆ ತಂದರೆ ೧೦೦ ಸಾಕು. ಬಾಗಿದರೆ ನಮ್ಮ ಮೈಭಾರವೂ ಅದಕ್ಕೆ ಕೂಡುತ್ತದೆ. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರು ೧೯೬೦ರ ದಶಕದಲ್ಲಿ ಬೆನ್ನುಮಣಿಗಳ ನಡುವಿನ ಮೆತ್ತೆಯೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಬಾಗಿ ಭಾರ ಹಿಡಿದಾಗ ಅದು ಬಹಳ ಹೆಚ್ಚೆಂದು ಕಂಡಿತು.

ಹಾಗಾದರೆ ಎತ್ತುವುದು ಹೇಗೆ? ಕೊಲ್ಹಾಪುರದ ತಾಲೀಮುಗಳಲ್ಲಿ ಪೈಲ್ವಾನರು ಬೈಠಕ್ ಹೊಡೆಯುವುದನ್ನು ನೆನೆಯಿರಿ. ಮೊಣಕಾಲು ಮಡಿಸಿ, ತೊಡೆಯ ಬಲದಿಂದ ಏಳುತ್ತಾರೆ. ಹೊರೆಯನ್ನೂ ಹಾಗೆಯೇ ಎದೆಗೆ ಹತ್ತಿರ ಹಿಡಿದು ಎತ್ತಬೇಕು. ಭಾರ ಹಿಡಿದು ನಡು ತಿರುಚಬಾರದು, ಪಾದಗಳನ್ನೇ ತಿರುಗಿಸಬೇಕು. ನಿದ್ದೆಯಿಂದ ಎದ್ದ ಕೂಡಲೆ ಆ ಮೆತ್ತೆಗಳು ಉಬ್ಬಿರುತ್ತವೆ. ಮೊದಲ ಒಂದು ತಾಸು ಬಾಗುವ ಕೆಲಸ ಬೇಡ.

ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತುವ ಭಾರ ೨೩ ಕಿಲೋ ಮೀರಬಾರದೆಂದು ಅಮೇರಿಕದ ತಜ್ಞರು ೧೯೯೧ರಲ್ಲಿ ಲೆಕ್ಕ ಹಾಕಿದರು. ನಮ್ಮ ಯೂರಿಯಾ ಚೀಲ ೨೦೧೮ರಲ್ಲಿ ೫೦ರಿಂದ ೪೫ ಕಿಲೋಕ್ಕೆ ಇಳಿದರೂ ಇಬ್ಬರ ಭಾರವೇ. ೧೯೦೪ರಲ್ಲಿ ಮೊದಲ ಯಂತ್ರಮಗ್ಗ ಕಂಡ ಇಚಲಕರಂಜಿಗೆ ದುಡಿಯಲು ಹೋಗುವ ನಮ್ಮ ಹುಡುಗರೂ ನೂಲು ಸುತ್ತಿದ ಬೀಮನ್ನು ಒಬ್ಬೊಬ್ಬರೇ ಎತ್ತಲು ಹೋಗಬಾರದು.

ನೋವು ಕಾಲಿಗೆ ಇಳಿದು ಪಾದ ಜೋಮುಗಟ್ಟಿದರೆ ವೈದ್ಯರಲ್ಲಿಗೆ ಹೋಗಬೇಕು. ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ ದವಾಖಾನೆ ಸೇರಬೇಕು.

ಕೂಲಿಯವನ ನಡು ಹೋದರೆ ಮನೆಯ ಒಲೆಯೇ ಆರುತ್ತದೆ. ಈ ವರ್ಷ ಚೀಲ ಬಂದಾಗ ನಾವು ಪಕ್ಕದ ಹೊಲದವನನ್ನು ಕೂಗಿದೆವು: “ತಮ್ಮಾ, ಒಂದು ತುದಿ ಹಿಡಿಯಪ್ಪಾ.” ಹಾಗೆ ಕರೆಯಲು ನಾಚಿಕೆ ಏತಕ್ಕೆ?